ಬ್ಯಾಂಕಿನ ಲಾಭ, ಬಡವನ ಸೂರು

ಅಮೆರಿಕಾದಲ್ಲಿ ದುಡಿಯುವ ಮಗನೋ ಮಗಳೋ ಅಲ್ಲಿಯೇ ಮನೆ ಕೊಂಡ ಸುದ್ದಿ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಈಗ ಅಪರೂಪವಲ್ಲ. ಮನೆಯೊಂದಿಗೆ ಮೂವತ್ತು ವರ್ಷಗಳ ಕಂತೂ ಬರುತ್ತದೆ. ಸಾಲ ಕೊಡುವ ಬ್ಯಾಂಕಿಗೆ ಆಸರೆ ಯಾರೆಂದು ವಿಚಾರಿಸುವವರು ಮಾತ್ರ ವಿರಳ.

ಆ ದೇಶದ ಕಾಂಗ್ರೆಸ್ಸು 1932ರ ಆರ್ಥಿಕ ಕುಸಿತದ ಕಾಲದಲ್ಲಿ ಫೆಡರಲ್ ಹೋಂ ಲೋನ್ ಬ್ಯಾಂಕುಗಳನ್ನು ಸ್ಥಾಪಿಸಿತು. ಇಂದು ಅವು ಹನ್ನೊಂದು. ಅವು ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಮನೆಸಾಲ ನೀಡಲು ಶಕ್ತಿ ಬರಲೆಂದು ಸದಸ್ಯ ಬ್ಯಾಂಕುಗಳಿಗೂ ವಿಮಾ ಕಂಪೆನಿಗಳಿಗೂ ಕೊಡುತ್ತವೆ. ಒಡೆತನ ಆ ಸದಸ್ಯರದೇ. ಆದರೂ ಅವುಗಳಿಗೆ ಆದಾಯ ತೆರಿಗೆಯಿಲ್ಲ. ಅವು ಮುಳುಗಲು ಸರಕಾರ ಬಿಡಲಾರದೆಂಬ ನಂಬಿಕೆಯಿಂದ ಮಾರುಕಟ್ಟೆಯು ಅಗ್ಗದ ಬಡ್ಡಿಗೆ ಹಣ ಒದಗಿಸುತ್ತದೆ. ಈ ಸರಕಾರಿ ಆಸರೆಯ ಬೆಲೆಯನ್ನು ಕಾಂಗ್ರೆಸ್ಸಿನ ಆಯವ್ಯಯ ಕಚೇರಿಯು 2024ರಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಡಾಲರ್ ಎಂದು ಅಂದಾಜಿಸಿತು.

1980ರ ದಶಕದಲ್ಲಿ ಅಲ್ಲಿನ ಉಳಿತಾಯ-ಸಾಲ ಸಂಸ್ಥೆಗಳು ಸಾಲುಸಾಲಾಗಿ ಕುಸಿದವು. ಅದಕ್ಕಾಗಿ ತೆರಿಗೆದಾರರು ತೆತ್ತದ್ದು ಸುಮಾರು 12,400 ಕೋಟಿ ಡಾಲರ್. ಆ ಪೆಟ್ಟಿನ ನಡುವೆ, 1989ರ ಕಾನೂನು ಒಂದು ಒಳ್ಳೆಯ ಕೆಲಸವನ್ನೂ ಮಾಡಿತು: ಹೋಂ ಲೋನ್ ಬ್ಯಾಂಕುಗಳು ತಮ್ಮ ನಿವ್ವಳ ಆದಾಯದ ಒಂದು ಪಾಲನ್ನು ಅಲ್ಪ ಆದಾಯದವರ ವಸತಿಗೆ ಕೊಡಬೇಕೆಂದು ವಿಧಿಸಿತು. 1995ರಿಂದ ಆ ಪಾಲು ನೂರಕ್ಕೆ ಕನಿಷ್ಠ ಹತ್ತು. ಇದಕ್ಕೆ ತೆರಿಗೆಯೆಂಬ ಹೆಸರಿಲ್ಲ, ಆದರೆ ಕೆಲಸ ಅದರದೇ. ಮನೆ ಕಟ್ಟುವ ಸೇವಾಸಂಸ್ಥೆಗಳು ಸದಸ್ಯ ಬ್ಯಾಂಕೊಂದರ ಮೂಲಕ ಅರ್ಜಿ ಹಾಕುತ್ತವೆ. ಬಾಡಿಗೆ ಮನೆಗಳಿಗೂ ಸ್ವಂತ ಮನೆಗಳಿಗೂ ಅನುದಾನ ದೊರೆಯುತ್ತದೆ.

ಈ ಹತ್ತು ಸಾಕೇ? ಸಾಲದೆಂಬುದೇ ನಮ್ಮ ಅಭಿಪ್ರಾಯ. ಮನೆಗಳಿಗಾಗಿ ಹುಟ್ಟಿದ ಹಣ ಎತ್ತ ಹರಿಯಿತೆಂಬುದಕ್ಕೆ ಸಿಲಿಕಾನ್ ವ್ಯಾಲಿ ಬ್ಯಾಂಕೇ ಸಾಕ್ಷಿ. ತಂತ್ರಜ್ಞಾನ ಉದ್ಯಮಗಳನ್ನೂ ಅವುಗಳ ಹೂಡಿಕೆದಾರರನ್ನೂ ನೆಚ್ಚಿದ್ದ ಆ ಬ್ಯಾಂಕು 2022ರ ಕೊನೆಗೆ ಈ ವ್ಯವಸ್ಥೆಯಿಂದ 1,500 ಕೋಟಿ ಡಾಲರ್ ಸಾಲ ಪಡೆದಿತ್ತು; 2023ರ ಮಾರ್ಚಿನಲ್ಲಿ ಕುಸಿದುಬಿದ್ದಿತು. ಅದೇ ವರ್ಷ ಸರಕಾರದ ಉಸ್ತುವಾರಿ ಸಂಸ್ಥೆಯು ವಸತಿಯ ಪಾಲನ್ನು ಕನಿಷ್ಠ ಇಮ್ಮಡಿಗೊಳಿಸುವಂತೆ ಶಿಫಾರಸು ಮಾಡಿತು. 2024ರಲ್ಲಿ ಅಧ್ಯಕ್ಷ ಬೈಡನ್ ಅವರೂ ಇಪ್ಪತ್ತು ಬೇಕೆಂದರು. ಅವರ ಅವಧಿ ಮುಗಿಯಿತು, ಕಾನೂನು ಬದಲಾಗಲಿಲ್ಲ.

ಬ್ಯಾಂಕುಗಳು ತಮ್ಮ ವಾರ್ಷಿಕ ವರದಿಗಳಲ್ಲಿ ಈ ಹಣವನ್ನು ಸಮಾಜಸೇವೆಯೆಂಬಂತೆ ಚಿತ್ರಿಸುವುದುಂಟು. ಚಿತ್ರಗಳೂ ಸುಂದರವಾಗಿರುತ್ತವೆ. ಆದರೆ ದಾನಕ್ಕೂ ನ್ಯಾಯಕ್ಕೂ ವ್ಯತ್ಯಾಸವಿದೆ. ನನ್ನದನ್ನು ನಾನು ಕೊಟ್ಟರೆ ದಾನ. ನಿನಗೆ ಸಲ್ಲಬೇಕಾದುದನ್ನು ನಿನಗೆ ಸಲ್ಲಿಸಿದರೆ ನ್ಯಾಯ. ಸಂತ ತೋಮಸ್ ಅಕ್ವಿನಾಸರನ್ನು ಓದಿದ ಯಾವ ಗುರುವಿದ್ಯಾರ್ಥಿಯೂ ಇದನ್ನು ಮರೆಯಲಾರನು. ಸಾರ್ವಜನಿಕರ ಹೊಣೆಗಾರಿಕೆಯ ಬಲದಿಂದ ಬಂದ ಲಾಭದಲ್ಲಿ ಸಾರ್ವಜನಿಕರಿಗೂ ಪಾಲಿದೆ. ಅದು ಬ್ಯಾಂಕು ತೆರಬೇಕಾದ ಬಾಡಿಗೆ. 1987ರಲ್ಲಿ ವಸತಿ ಸಮಸ್ಯೆಯ ಕುರಿತು ವ್ಯಾಟಿಕನ್ ಹೊರಡಿಸಿದ ದಸ್ತಾವೇಜು ಮನೆಯನ್ನು ಕೇವಲ ಮಾರುಕಟ್ಟೆಯ ಸರಕೆಂದು ಎಣಿಸಬಾರದೆಂದಿತು. ಹಾಗಾದರೆ ಮನೆಯ ಹೆಸರಿನಲ್ಲಿ ಪಡೆದ ಸವಲತ್ತನ್ನು ಹಾಗೆ ಎಣಿಸಬಹುದೇ?

ಪಾಲು ಹೆಚ್ಚಿದರೆ ಬ್ಯಾಂಕುಗಳು ಬಡ್ಡಿ ಏರಿಸಿ ಹೊರೆಯನ್ನು ಸಾಲಗಾರನ ಮೇಲೆಯೇ ಹೇರುವುವು ಎಂಬ ಆಕ್ಷೇಪವಿದೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಪುಟ್ಟ ಊರುಗಳ ಸಣ್ಣ ಬ್ಯಾಂಕುಗಳೂ ಈ ಹಣವನ್ನೇ ನಂಬಿವೆ. ಆದರೆ ಈ ಪಾಲನ್ನು ಲೆಕ್ಕಹಾಕುವುದು ಪ್ರತಿಯೊಂದು ಸಾಲದ ಮೇಲಲ್ಲ, ವರ್ಷಾಂತ್ಯದ ನಿವ್ವಳ ಆದಾಯದ ಮೇಲೆ. ಲಾಭವಿಲ್ಲದ ವರ್ಷ ಹೊರೆಯೂ ಇಲ್ಲ. ಇಪ್ಪತ್ತು ಕೊಟ್ಟ ಮೇಲೂ ಉಳಿಯುವ ಎಂಬತ್ತು ಡಾಲರುಗಳಲ್ಲಿ ಸದಸ್ಯರ ಲಾಭಾಂಶಕ್ಕೆ ಕೊರತೆಯಾದೀತೆಂದು ನಮಗೆ ತೋರುವುದಿಲ್ಲ.