ಬಿಳಿ ಮಚ್ಚೆಯನ್ನು ಬಚ್ಚಿಡುವುದೇಕೆ?

ಕೂಟಗಲ್ ಸುತ್ತಿನ ಹಳ್ಳಿಗಳಲ್ಲಿ ಹುಡುಗಿಯ ಮೈಮೇಲೆ ಬಿಳಿ ಮಚ್ಚೆ ಕಂಡರೆ ಮನೆಯವರಿಗೆ ಮೊದಲು ಹತ್ತುವ ಚಿಂತೆ ಮದುವೆಯದು. ತುಂಬುತೋಳಿನ ರವಿಕೆ ಹೊಲಿಸುತ್ತಾರೆ, ನಾಗದೋಷವಿರಬೇಕೆಂದು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊರುತ್ತಾರೆ, ಯಾರ ಹತ್ತಿರವೂ ಬಾಯಿಬಿಡಬೇಡ ಎನ್ನುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಆದರೆ ಹುಡುಗಿಯ ಬಾಳು ಕೆಡಬಾರದೆಂದು ಬಚ್ಚಿಡುವ ಈ ಕೆಲಸವೇ ವಾಸಿಯಾಗಬಹುದಾದ ಮಚ್ಚೆಯನ್ನು ಮೈಗಂಟಿಸಿಬಿಡುತ್ತದೆ.

ಬೆಳ್ಳಗಾದದ್ದೆಲ್ಲ ತೊನ್ನಲ್ಲ. ಬೆವರುವ ಬೆನ್ನು, ಕತ್ತಿನ ಮೇಲೆ ಹೊಟ್ಟು ಹೊಟ್ಟಾಗಿ ಹಬ್ಬುವ ಚಿಬ್ಬು ಶಿಲೀಂಧ್ರದಿಂದಾದದ್ದು. ಮುಲಾಮಿಗೆ ಹೋಗುತ್ತದೆ, ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಬೇಕು. ಹಣೆಯ ನಡುವೆ ಸ್ಟಿಕ್ಕರ್ ಬಿಂದಿಯಷ್ಟೇ ದುಂಡಗೆ, ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯಷ್ಟೇ ಅಗಲಕ್ಕೆ ಬಿಳುಪು ಮೂಡಿದ್ದರೆ, ಬಣ್ಣದ ಕೋಶಗಳನ್ನು ಕೊಂದಿರುವುದು ಅಂಟಿನ ಅಥವಾ ರಬ್ಬರಿನ ರಾಸಾಯನಿಕ ಇರಬಹುದು. ಅದನ್ನು ಬಿಡುವುದೇ ಮೊದಲ ಚಿಕಿತ್ಸೆ. ಕುಷ್ಠದ ಮಚ್ಚೆ ಮಾಸಲು ಬಣ್ಣದ್ದು. ಹತ್ತಿಯ ಎಳೆ ಸವರಿದರೂ ಸ್ಪರ್ಶ ತಿಳಿಯದೆ ಹೋಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಗುಣ. ತೊನ್ನೆಂದು ತಿಳಿದು ಮುಚ್ಚಿಟ್ಟರೆ ನರ ಸತ್ತು ಬೆರಳು ಮಡಚಿಕೊಳ್ಳಬಹುದು.

ಇನ್ನು ತೊನ್ನು. ಮೈಯ ರಕ್ಷಣೆಗಿರುವ ಜೀವಕೋಶಗಳೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು. ಮುಟ್ಟಿದರೆ ಅಂಟದು. ಮೀನು ತಿಂದು ಹಾಲು ಕುಡಿದರೆ ಬರುತ್ತದೆನ್ನುವುದಕ್ಕೆ ಆಧಾರವಿಲ್ಲ. ಕೆಲವರಿಗೆ ಜೊತೆಯಲ್ಲಿ ಥೈರಾಯ್ಡ್ ತೊಂದರೆಯೂ ಇರುವುದರಿಂದ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಸ್ಟೀರಾಯ್ಡ್ ಅಥವಾ ಟ್ಯಾಕ್ರೋಲಿಮಸ್ ಮುಲಾಮು, 311 ನ್ಯಾನೋಮೀಟರಿನ ನೇರಳಾತೀತ ಬೆಳಕು ಇದಕ್ಕಿರುವ ಮುಖ್ಯ ಚಿಕಿತ್ಸೆಗಳು. ಹೊಸ ಮಚ್ಚೆ ಬೇಗ ಬಗ್ಗುತ್ತದೆ. ಬಣ್ಣ ಮರಳುವಾಗ ಕೂದಲ ಬುಡದಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳು ಮೂಡಿ, ಹಿಗ್ಗಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದಕ್ಕೇ ಮುಖ ಬೇಗ ಒಗ್ಗುತ್ತದೆ, ರೋಮವಿಲ್ಲದ ಬೆರಳತುದಿ ಹಟ ಹಿಡಿಯುತ್ತದೆ; ಮಚ್ಚೆಯ ಮೇಲಿನ ಕೂದಲೂ ನರೆತ ಮೇಲೆ ಕೆಲಸ ಇನ್ನೂ ಕಷ್ಟ. ನಾಟಿ ವೈದ್ಯದ ಬಾವಂಚಿ ಬೀಜದಲ್ಲಿ ನಿಜವಾದ ಗುಣವಿದೆ, ಅದರ ಸೋರಾಲೆನ್ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಕಪ್ಪಾಗಿಸುತ್ತದೆ. ಅಳತೆ ತಪ್ಪಿದರೆ ಬೊಬ್ಬೆಯೇಳುತ್ತದೆ, ಸುಟ್ಟ ಜಾಗದಲ್ಲಿ ತೊನ್ನು ಮತ್ತೆ ಹಬ್ಬಬಹುದು.

ಬೆಳಕಿನ ಚಿಕಿತ್ಸೆ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಯ ಒಬ್ಬಾಳು ಬಸ್ಸು ಹತ್ತಿ ಹೋದರೆ ಇಡೀ ಬೀದಿ ಕೇಳುತ್ತದೆ. ಗುಟ್ಟು ಉಳಿಯಬೇಕೆಂದರೆ ಚಿಕಿತ್ಸೆ ನಿಲ್ಲಬೇಕು. ಎರಡೂ ಒಟ್ಟಿಗೆ ಸಾಗವು. ಇಂಥ ಬೆಳಕಿನ ಯಂತ್ರ ತಾಲ್ಲೂಕು ಆಸ್ಪತ್ರೆಯವರೆಗೂ ಬರಬೇಕೆಂದು ನಾವು ಕೇಳಲೇಬೇಕು.

ಮದುವೆಯ ಮಾತು ಉಳಿಯಿತು. ತಾಯಿಗೋ ತಂದೆಗೋ ತೊನ್ನಿದ್ದರೂ 100 ಮಕ್ಕಳಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಅದು ಬರುವುದಿಲ್ಲ. ಹೆಣ್ಣು ನೋಡಲು ಬಂದವರಿಗೆ ಮಚ್ಚೆಯ ವಿಷಯವನ್ನು ಮೊದಲೇ ಹೇಳಿದರೆ ಕೆಲವರು ಎದ್ದು ಹೋಗಬಹುದು. ಹೇಳದೆ ಧಾರೆ ಎರೆದರೆ, ಮೋಸ ಮಾಡಿದಿರಿ ಎಂಬ ಬೈಗುಳವನ್ನು ಅತ್ತೆಮನೆಯಲ್ಲಿ ದಿನವೂ ಕೇಳಬೇಕಾದವಳು ಆ ಹುಡುಗಿ.