ಕಟ್ಟುವ ಕೈ, ನೋಡುವ ಕಣ್ಣು



ಕಳೆದ ಕಾರ್ತೀಕ ಮಾಸದಲ್ಲಿ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ನಾವು ಸರಗೂರಿಗೆ ಹೋಗಿದ್ದೆವು. ಕಪಿಲೆಯ ದಡದ ಈ ಊರು ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ಇಂದು ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂದಿತ್ತು. ಪೂಜೆ, ಪ್ರಸಾದಗಳೆಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ಹಿರಿಯರು ಮಾತಿಗೆ ಕುಳಿತರು. ಆದರೆ ಆ ಮನೆಯ ಕಿರಿಯ ಮಗ ಮಾತ್ರ ಮೂಲೆಯಲ್ಲಿ ಮುಖ ತಗ್ಗಿಸಿ ಕುಳಿತಿದ್ದ. ಮೈಸೂರಿನ ಕಂಪನಿಯೊಂದರಲ್ಲಿ ಗಣಕಯಂತ್ರದ ಕೆಲಸ ಮಾಡುವ ಜಾಣ ಹುಡುಗ. ಏನಾಯಿತೆಂದು ವಿಚಾರಿಸಿದಾಗ ತಿಳಿದುಬಂದ ಸಂಗತಿಯನ್ನು ಈ ತಿಂಗಳು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಇದೇ ಕೆಲಸದಲ್ಲಿರುವುದರಿಂದ ಇದು ಒಂದು ಮನೆಯ ಮಾತಾಗಿ ಉಳಿಯಬಾರದು.

ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯಗಳನ್ನು ನೀಡುವ ಪ್ರಸಾದನಿಲಯವೊಂದರ ದಾಸೋಹದ ಲೆಕ್ಕಕ್ಕಾಗಿ ಈ ಹುಡುಗ ಬಿಡುವಿನ ವೇಳೆಯಲ್ಲಿ ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದ. ದಾನಿಯ ಹೆಸರು, ಕೊಟ್ಟ ಹಣ, ಇದುವರೆಗಿನ ಒಟ್ಟು ಮೊತ್ತ ಇವೆಲ್ಲ ರಸೀದಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಬಿಡಿಗಾಸೂ ಪಡೆಯದೆ ಮಾಡಿದ ಕೆಲಸ. ವರ್ಷದ ಸಭೆಯಲ್ಲಿ ದಾನಿಗಳ ಪಟ್ಟಿಯನ್ನು ಓದುವಾಗ ಒಬ್ಬ ವೃದ್ಧ ರೈತರ ಹೆಸರಿನ ಮುಂದೆ ಐದು ಲಕ್ಷದ ಇನ್ನೂರೈವತ್ತು ರೂಪಾಯಿ ಎಂದು ಬಂತು. ಅವರು ಗಾಬರಿಯಿಂದ ಎದ್ದು ನಿಂತು, “ನಾನು ಒಂದು ಸಲ ಐನೂರು, ಇನ್ನೊಂದು ಸಲ ಇನ್ನೂರೈವತ್ತು ಕೊಟ್ಟವನು. ಐದು ಲಕ್ಷ ನನ್ನ ಹೊಲ ಮಾರಿದರೂ ಬರುವುದಿಲ್ಲ” ಎಂದರು. ಸಭೆ ನಕ್ಕಿತು. ಆದರೆ ಹಿಂದಿನ ಸಾಲಿನಿಂದ ಯಾರೋ, “ಹಾಗಾದರೆ ಮಿಕ್ಕ ಹಣ ಎಲ್ಲಿ?” ಎಂದರು. ಹಾಸ್ಯಕ್ಕೇ ಆಡಿದ ಮಾತಿರಬಹುದು. ಆದರೆ ಮೂವತ್ತು ವರ್ಷ ಮೇಷ್ಟ್ರಾಗಿ ದುಡಿದು, ನಿವೃತ್ತಿಯ ಬಳಿಕ ಸಂಬಳವಿಲ್ಲದೆ ಲೆಕ್ಕ ನೋಡಿಕೊಳ್ಳುತ್ತಿದ್ದ ಕೋಶಾಧಿಕಾರಿಗಳ ಮುಖ ಕಪ್ಪಿಟ್ಟಿತು. ಅವರು ಹಟ ಹಿಡಿದು ಕೈಬರಹದಲ್ಲಿಯೂ ಬರೆದಿಟ್ಟಿದ್ದ ನಗದು ಪುಸ್ತಕವನ್ನು ತಂದು ತೋರಿಸಿದ ಮೇಲೆಯೇ ಸಭೆ ಶಾಂತವಾಯಿತು.

“ದೊಡ್ಡಪ್ಪಾ, ನಾನು ಎಲ್ಲ ಕಡೆಯೂ ಇದು ಸಂಖ್ಯೆ, ಇದು ಅಕ್ಷರ ಎಂದು ಗುರುತು ಹಾಕಿಯೇ ಬರೆದಿದ್ದೆ. ಕಟ್ಟುವಾಗ ಒಂದೂ ತಪ್ಪು ತೋರಿಸಲಿಲ್ಲ. ಮೇಷ್ಟ್ರ ಮುಖ ನೋಡುವುದಕ್ಕೆ ನನಗೆ ಆಗುತ್ತಿಲ್ಲ” ಎಂದ ಹುಡುಗ. ಅವನ ಕಣ್ಣು ತುಂಬಿತ್ತು.

ಈ ಮಾತಿನ ಅರ್ಥವನ್ನು ತಿಳಿಯಲು ಸ್ವಲ್ಪ ಹಿಂದಿನ ಕಥೆ ಬೇಕು. ಅಂತರಜಾಲದ ಪುಟಗಳಿಗೆ ಜೀವ ತುಂಬುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅವರು ಹತ್ತೇ ದಿನಗಳಲ್ಲಿ ಮೊದಲ ರೂಪಕ್ಕೆ ತಂದರು. ಅವಸರದ ಕೂಸಾದರೂ ಅದು ಜಗತ್ತನ್ನೇ ಆಳಿತು. ಆ ಭಾಷೆಯಲ್ಲಿ ಕೂಡುವ ಚಿಹ್ನೆಗೆ ಎರಡು ಕೆಲಸ. ಎರಡು ಕಡೆಯೂ ಸಂಖ್ಯೆಗಳಿದ್ದರೆ ಮೊತ್ತ ಕಟ್ಟುತ್ತದೆ. ಒಂದು ಕಡೆ ಅಕ್ಷರಮಾಲೆ ಇದ್ದರೂ ಸಾಕು, ಎರಡನ್ನೂ ಅಕ್ಕಪಕ್ಕ ಅಂಟಿಸಿಬಿಡುತ್ತದೆ. ಪರದೆಯ ಮೇಲಿನ ಚೌಕದಲ್ಲಿ ನಾವು ಬೆರಳಚ್ಚಿಸಿದ ಇನ್ನೂರೈವತ್ತು ನಮ್ಮ ಕಣ್ಣಿಗೆ ಸಂಖ್ಯೆ. ಯಂತ್ರಕ್ಕೆ ಅದು 2, 5, 0 ಎಂಬ ಮೂರು ಅಕ್ಷರಗಳ ಮಾಲೆ. ಆದ್ದರಿಂದ 500ರ ಪಕ್ಕದಲ್ಲಿ 250 ಕುಳಿತು 500250 ಆಯಿತು. ಯಂತ್ರ ಸುಳ್ಳು ಹೇಳಲಿಲ್ಲ; ಹೇಳಿದ್ದನ್ನೇ ಮಾಡಿತು.

ಇಂತಹ ಎಡವಟ್ಟುಗಳನ್ನು ಮುಂಚಿತವಾಗಿಯೇ ಹಿಡಿಯಲೆಂದು ಮೈಕ್ರೋಸಾಫ್ಟ್ ಕಂಪನಿಯು 2012ರ ಅಕ್ಟೋಬರಿನಲ್ಲಿ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. ಅದರ ಮುಖ್ಯ ಶಿಲ್ಪಿ ಆಂಡರ್ಸ್ ಹೈಲ್ಸ್‌ಬರ್ಗ್. ಹಿಂದೆ ಟರ್ಬೊ ಪ್ಯಾಸ್ಕಲ್, ಸಿ ಶಾರ್ಪ್‌ಗಳಿಗೂ ಇವರೇ ಕಾರಣರು. ಜಾವಾಸ್ಕ್ರಿಪ್ಟಿನ ಮೇಲೆಯೇ ಕಟ್ಟಿದ ಈ ಭಾಷೆಯಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಅದರ ಬಗೆಯನ್ನು ಬರೆಯಬಹುದು: ಇದು ಸಂಖ್ಯೆ, ಇದು ಅಕ್ಷರಮಾಲೆ, ಇದು ಹೌದು ಅಲ್ಲ ಎಂಬ ಉತ್ತರ. ಆದರೆ ಬ್ರೌಸರಿಗೆ ಈ ಗುರುತುಗಳು ಅರ್ಥವಾಗುವುದಿಲ್ಲ. ಹೀಗಾಗಿ ಎರಡು ಕೆಲಸಗಳು ನಡೆಯಬೇಕು. ಒಂದು, ಗುರುತುಗಳನ್ನು ಕಳಚಿ ಬ್ರೌಸರಿಗೆ ತಿಳಿಯುವ ಜಾವಾಸ್ಕ್ರಿಪ್ಟನ್ನಾಗಿ ಮಾರ್ಪಡಿಸುವುದು. ಇನ್ನೊಂದು, ಬರೆದ ಗುರುತಿಗೂ ನಡೆಯುವ ಕೆಲಸಕ್ಕೂ ಹೊಂದಿಕೆ ಇದೆಯೇ ಎಂದು ಪರೀಕ್ಷಿಸುವುದು.

ನಮ್ಮಂತಹ ಪತ್ರಿಕೆಯ ಮಂದಿಗೆ ಇದು ಬೇಗ ತಿಳಿಯುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಮೊಳೆ ಜೋಡಿಸುವವನು ಬೇರೆ, ಕರಡು ತಿದ್ದುವವನು ಬೇರೆ. ‘ತಾಯಿ ಬಂದನು’ ಎಂದು ಹಸ್ತಪ್ರತಿಯಲ್ಲಿದ್ದರೆ ಮೊಳೆ ಜೋಡಿಸುವವನು ಅದನ್ನೇ ಅಂದವಾಗಿ ಜೋಡಿಸುತ್ತಾನೆ. ಒಂದು ಮೊಳೆಯೂ ತಿರುಗುಮುರುಗಾಗಿಲ್ಲ, ಒಂದು ಸಾಲೂ ಸೊಟ್ಟಗಿಲ್ಲ. ಅವನ ಕೆಲಸದಲ್ಲಿ ಲೋಪವಿಲ್ಲ. ಲಿಂಗಕ್ಕೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲವೆಂದು ಹೇಳಬೇಕಾದವನು ಕರಡು ತಿದ್ದುವವನು. ಅವನು ರಜೆಯಲ್ಲಿದ್ದ ತಿಂಗಳು ಸಂಚಿಕೆ ಹೊರಬರುವುದೇನೋ ಬರುತ್ತದೆ, ನಗೆಪಾಟಲು ಆಮೇಲೆ.

ದೊಡ್ಡ ಪ್ರೋಗ್ರಾಮೊಂದು ನೂರಾರು ಕಡತಗಳಲ್ಲಿ ಹರಡಿರುತ್ತದೆ. ಅವುಗಳನ್ನೆಲ್ಲ ಒಟ್ಟುಗೂಡಿಸಿ ಬ್ರೌಸರಿಗೆ ಕಳುಹಿಸಲು ಸಿದ್ಧಗೊಳಿಸುವ ಉಪಕರಣಕ್ಕೆ ಬಂಡ್ಲರ್ ಎನ್ನುತ್ತಾರೆ. ವೆಬ್‌ಪ್ಯಾಕ್ 2012ರಲ್ಲಿ, ರೋಲಪ್ 2015ರಲ್ಲಿ, ಇಎಸ್‌ಬಿಲ್ಡ್ ಮತ್ತು ವೀಟ್ 2020ರಲ್ಲಿ ಬಂದವು. ಇವುಗಳ ಕೆಲಸವನ್ನು ಹಿಗ್ಗಿಸಲು ಜೋಡಿಸುವ ಪೂರಕ ಭಾಗವೇ ಪ್ಲಗಿನ್. ಯಾವ ಪ್ಲಗಿನ್ ಜೋಡಿಸಿದ್ದೇವೆ, ಅದಕ್ಕೆ ಯಾವ ಸೂಚನೆ ಕೊಟ್ಟಿದ್ದೇವೆ ಎಂಬುದರ ಮೇಲೆ ಕರಡು ತಿದ್ದುವವನು ಇದ್ದಾನೋ ಇಲ್ಲವೋ ಎಂಬುದು ನಿಂತಿದೆ. ನಮ್ಮ ಹುಡುಗ ಎಡವಿದ್ದು ಇಲ್ಲಿಯೇ.

ರೋಲಪ್‌ಗೆ ಜೋಡಿಸುವ ಟೈಪ್‌ಸ್ಕ್ರಿಪ್ಟ್-2 ಎಂಬ ಪ್ಲಗಿನ್ ಎರಡೂ ಕೆಲಸವನ್ನು ಮಾಡುತ್ತದೆ. ಅದರಲ್ಲಿ ‘ಚೆಕ್’ ಎಂಬ ಸೂಚನೆ ನಾವು ಹೇಳದಿದ್ದರೂ ಜಾರಿಯಲ್ಲಿರುತ್ತದೆ. ತಪ್ಪು ಕಂಡರೆ ಕಟ್ಟುವುದನ್ನೇ ನಿಲ್ಲಿಸುವ ‘ಅಬಾರ್ಟ್ ಆನ್ ಎರರ್’ ಎಂಬುದೂ ಹಾಗೆಯೇ. ವೆಬ್‌ಪ್ಯಾಕ್‌ಗೆ ಜೋಡಿಸುವ ಟಿಎಸ್-ಲೋಡರ್ ಕೂಡ ಸಹಜವಾಗಿ ಎರಡನ್ನೂ ಮಾಡುತ್ತದೆ. ಆದರೆ ತಡವಾಗುತ್ತದೆಂದು ‘ಟ್ರಾನ್ಸ್‌ಪೈಲ್ ಓನ್ಲಿ’ ಎಂಬ ಸೂಚನೆ ಕೊಟ್ಟರೆ ಮಾರ್ಪಾಡು ಮಾತ್ರ ನಡೆದು ಬಗೆಯ ಪರೀಕ್ಷೆ ನಿಂತುಹೋಗುತ್ತದೆ. ಹಾಗೆ ನಿಲ್ಲಿಸಿದವರು ಪರೀಕ್ಷೆಯನ್ನು ಪಕ್ಕದಲ್ಲಿ ಬೇರೆಯಾಗಿ ನಡೆಸುವ ಫೋರ್ಕ್-ಟಿಎಸ್-ಚೆಕರ್ ಎಂಬ ಪ್ಲಗಿನ್ನನ್ನು ಜೊತೆಗಿಡಬೇಕು. ಇಎಸ್‌ಬಿಲ್ಡ್ ಅಂತೂ ಮಿಂಚಿನ ವೇಗದ ಉಪಕರಣ. ಗುರುತುಗಳನ್ನು ಕಳಚುವುದಷ್ಟೇ ತನ್ನ ಕೆಲಸ, ಪರೀಕ್ಷೆ ತನ್ನದಲ್ಲವೆಂದು ಅದನ್ನು ಮಾಡಿದವರೇ ಬರೆದಿದ್ದಾರೆ. ವೀಟ್ ಮಾಡಿದವರೂ ಇದೇ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೀಗೇಕೆ ಎಂದು ನಾವು ಕೇಳಿದೆವು. ಹುಡುಗನೇ ವಿವರಿಸಿದ. ಗುರುತು ಕಳಚುವುದಕ್ಕೆ ಒಂದೊಂದು ಕಡತವನ್ನು ಬಿಡಿಬಿಡಿಯಾಗಿ ನೋಡಿದರೆ ಸಾಕು. ಹೊಂದಿಕೆಯನ್ನು ಪರೀಕ್ಷಿಸಲು ಎಲ್ಲ ಕಡತಗಳನ್ನೂ ಒಟ್ಟಿಗೆ ಓದಬೇಕು. ಇಲ್ಲಿ ಬರೆದದ್ದನ್ನು ಅಲ್ಲಿ ಹೇಗೆ ಬಳಸಿದ್ದಾರೆಂದು ತಾಳೆ ನೋಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ರಾಗಿಯನ್ನು ಗಿರಣಿಯಲ್ಲಿ ಬೀಸುವುದು ಕ್ಷಣದ ಕೆಲಸ. ಮೊರದಲ್ಲಿ ಕೇರಿ ಕಲ್ಲು ಆರಿಸುವುದಕ್ಕೆ ಒಂದು ಮಧ್ಯಾಹ್ನ ಬೇಕು. ಕೇರದೆ ಹಾಕಿದರೆ ಗಿರಣಿ ಬೇಡವೆನ್ನುವುದಿಲ್ಲ. ಮುದ್ದೆ ಬಾಯಿಗೆ ಹೋದಾಗ ಹಲ್ಲಿಗೆ ತಿಳಿಯುತ್ತದೆ.

ಹುಡುಗ ಬಳಸಿದ್ದು ವೀಟ್. ಮನೆಯಲ್ಲಿ ಅವನು ಬರೆಯುವ ತಂತ್ರಾಂಶ ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು ತೋರಿಸುತ್ತಿತ್ತು. ಆ ಕೆಂಪು ಗೆರೆಯನ್ನು ನಂಬಿಕೊಂಡು, ಕಟ್ಟುವಾಗಲೂ ಪರೀಕ್ಷೆ ನಡೆಯುತ್ತಿದೆಯೆಂದೇ ಅವನು ಭಾವಿಸಿದ್ದ. ಮೊದಲ ಕಾಣಿಕೆಯನ್ನು ದಾಖಲಿಸುವ ಸಾಲನ್ನು ಎಚ್ಚರದಿಂದಲೇ ಬರೆದಿದ್ದ. ಅಕ್ಷರಮಾಲೆಯನ್ನು ಸಂಖ್ಯೆಯಾಗಿಸಿ ಇಟ್ಟಿದ್ದ. ಎರಡನೆಯ ಕಾಣಿಕೆಯನ್ನು ಹಿಂದಿನದಕ್ಕೆ ಕೂಡಿಸುವ ಸಾಲನ್ನು ಮಾತ್ರ ಸಭೆಯ ಹಿಂದಿನ ವಾರ, ಪ್ರಸಾದನಿಲಯದ ಹಳೆಯ ಗಣಕಯಂತ್ರದಲ್ಲಿ, ಕೆಂಪು ಗೆರೆಯ ಸೌಕರ್ಯವಿಲ್ಲದ ಸಾದಾ ತಂತ್ರಾಂಶದಲ್ಲಿ, ರಾತ್ರಿಯ ಕೊನೆಯ ಬಸ್ಸಿನ ಅವಸರದಲ್ಲಿ ಸೇರಿಸಿದ್ದ. ಆಮೇಲೆ ಎರಡನೆಯ ಸಲ ಕೊಟ್ಟವರಲ್ಲಿ ಆ ವೃದ್ಧರೇ ಮೊದಲಿಗರು.

ಆ ಸಂಜೆ ಅವನು ನಮ್ಮೆದುರೇ ಟೈಪ್‌ಸ್ಕ್ರಿಪ್ಟಿನ ಸ್ವಂತ ಪರೀಕ್ಷಕನಿಗೆ ‘ನೋಎಮಿಟ್’ ಎಂಬ ಸೂಚನೆ ಕೊಟ್ಟು ಓಡಿಸಿದ. ಏನನ್ನೂ ಬರೆಯಬೇಡ, ನೋಡು ಅಷ್ಟೇ ಎಂದು ಅದರ ಅರ್ಥ. ಕೆಲವೇ ಕ್ಷಣಗಳಲ್ಲಿ ಉತ್ತರ ಬಂತು. ಕ್ರಮಾಂಕ 2322ರ ದೋಷ: ಸಂಖ್ಯೆ ಇರಬೇಕಾದ ಜಾಗದಲ್ಲಿ ಅಕ್ಷರಮಾಲೆಯನ್ನು ಇಡಲಾಗದು. ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ಬೆರಳಿಟ್ಟು ತೋರಿಸಿತು. ಹುಡುಗ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕುಳಿತ. “ಇದನ್ನು ಆ ರಾತ್ರಿ ಒಂದು ಸಲ ಓಡಿಸಿದ್ದರೆ ಸಾಕಾಗಿತ್ತು” ಎಂದ.

ಅವನು ಮಾಡಿಕೊಂಡ ತಿದ್ದುಪಡಿಗಳು ಮೂರು. ಕಟ್ಟುವ ಆಜ್ಞೆಯ ಮುಂದೆಯೇ ಪರೀಕ್ಷಕನನ್ನು ನಿಲ್ಲಿಸಿ, ಅದು ಒಪ್ಪಿದ ಮೇಲಷ್ಟೇ ವೀಟ್ ಕಟ್ಟುವಂತೆ ಮಾಡಿದ. ಕೆಲಸ ಮಾಡುವಾಗಲೂ ತಪ್ಪು ಪರದೆಯ ಮೇಲೆ ಕಾಣಲೆಂದು ವೀಟ್‌ನ ಚೆಕರ್ ಪ್ಲಗಿನ್ನನ್ನು ಜೋಡಿಸಿದ. ಟಿಎಸ್‌ಕಾನ್ಫಿಗ್ ಎಂಬ ಕಡತದಲ್ಲಿ ‘ಸ್ಟ್ರಿಕ್ಟ್’ ಎಂಬ ಬಿಗಿಯ ನಿಯಮವನ್ನು ಜಾರಿಗೊಳಿಸಿದ. ಜೊತೆಗೆ ‘ಎನಿ’ ಎಂಬ ಗುರುತು ಹಾಕಿದ್ದ ಕಡೆಗಳನ್ನೆಲ್ಲ ಹುಡುಕಿ ತೆಗೆದ. ಎನಿ ಎಂದರೆ ಏನಾದರೂ ಇರಲಿ ಎಂದು. ಅದು ಇದ್ದಲ್ಲಿ ಪರೀಕ್ಷಕ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಪರೀಕ್ಷಕನ ಶಕ್ತಿಗೂ ಮಿತಿಯಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಐನೂರರ ಬದಲು ಐದು ಸಾವಿರ ಎಂದು ಬೆರಳಚ್ಚಿಸಿದರೆ ಅದು ಹಿಡಿಯುವುದಿಲ್ಲ, ಎರಡೂ ಸಂಖ್ಯೆಗಳೇ. ಹೊರಗಿನಿಂದ ಬಂದ ಮಾಹಿತಿಯ ಬಗೆಯನ್ನು ನಾವು ತಪ್ಪಾಗಿ ಹೇಳಿದರೂ ಅದು ನಂಬುತ್ತದೆ, ಏಕೆಂದರೆ ಪರೀಕ್ಷೆ ನಡೆಯುವುದು ಪ್ರೋಗ್ರಾಮು ಓಡುವುದಕ್ಕೆ ಮೊದಲು. ಅಲ್ಲಿಗೆ ಮೇಷ್ಟ್ರ ನಗದು ಪುಸ್ತಕವೇ ಬೇಕು. ತಡವಾಗುತ್ತದೆ ಎಂಬ ನೆಪ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆ. ಟೈಪ್‌ಸ್ಕ್ರಿಪ್ಟಿನ ಪರೀಕ್ಷಕನನ್ನು ಗೋ ಎಂಬ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿರುವುದಾಗಿಯೂ, ಅದರ ವೇಗ ಸುಮಾರು ಹತ್ತು ಪಟ್ಟು ಹೆಚ್ಚುವುದಾಗಿಯೂ 2025ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿತು.

ಮರುದಿನ ಬೆಳಿಗ್ಗೆ ಹುಡುಗ ನಮ್ಮೊಡನೆ ಕೋಶಾಧಿಕಾರಿಗಳ ಮನೆಗೆ ಬಂದ. ತಪ್ಪು ಯಾವ ಸಾಲಿನಲ್ಲಿತ್ತು, ಏಕೆ ಕಾಣಲಿಲ್ಲ, ಈಗ ಏನು ಮಾಡಿದ್ದೇನೆ ಎಂಬುದನ್ನು ಬಿಳಿಯ ಹಾಳೆಯೊಂದರಲ್ಲಿ ಬರೆದು, ಸಹಿ ಹಾಕಿ, ಪ್ರಸಾದನಿಲಯದ ಫಲಕದಲ್ಲಿ ಹಚ್ಚಲು ಅವರ ಕೈಗೆ ಕೊಟ್ಟ. “ತಪ್ಪು ನನ್ನದು ಮೇಷ್ಟ್ರೇ, ಮಾತು ತಮ್ಮ ಮೇಲೆ ಬಂತು” ಎಂದು ಕಾಲಿಗೆರಗಿದ. ಅವರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ನಾನೂ ಲೆಕ್ಕದ ಮೇಷ್ಟ್ರೇ ಕಣಪ್ಪ. ಮಕ್ಕಳಿಗೆ ತಾಳೆ ನೋಡು, ತಾಳೆ ನೋಡು ಎಂದು ಎಷ್ಟು ಸಲ ಹೇಳಿದ್ದೇನೋ. ಈ ಹಾಳೆ ಹಚ್ಚೋಣ. ಪುಸ್ತಕವನ್ನೂ ನಾನು ಬರೆಯುತ್ತಲೇ ಇರುತ್ತೇನೆ” ಎಂದರು. ಆ ಮೇಲೆ ಮೂವರಿಗೂ ಕಾಫಿ ಬಂತು.

ಬಂಧುಗಳೇ, ದಾಸೋಹದ ಒಂದೊಂದು ರೂಪಾಯಿಯ ಹಿಂದೆ ಯಾರದೋ ಹತ್ತಿಯ ಹೊಲವಿದೆ, ಯಾರದೋ ಬೆವರಿದೆ. ಅದರ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವಾಗ ನಾವು ಹಿರಿಯರು ತಂತ್ರಜ್ಞಾನವನ್ನೆಲ್ಲ ಕಲಿಯಬೇಕಾಗಿಲ್ಲ. ತಮ್ಮ ಮನೆಯ ಮಗನೋ ಮಗಳೋ ಇಂತಹ ಕಾಯಕದಲ್ಲಿದ್ದರೆ, ರಜೆಗೆ ಬಂದಾಗ ಊಟದ ಹೊತ್ತಿಗೆ ಒಂದು ಪ್ರಶ್ನೆ ಕೇಳಿ: “ನೀನು ಕಟ್ಟುವಾಗ ಪರೀಕ್ಷೆಯೂ ನಡೆಯುತ್ತಿದೆಯೇ, ಅಥವಾ ನಡೆಯುತ್ತಿದೆ ಎಂದುಕೊಂಡಿದ್ದೀಯಾ?” ಉತ್ತರ ಕೊಡಲು ತಡವರಿಸಿದರೆ ಬೇಸರಿಸಬೇಡಿ. ಬೇಕೆಂದೇ ಒಂದು ತಪ್ಪು ಸಾಲು ಬರೆದು, ಕಟ್ಟುವುದು ನಿಲ್ಲುತ್ತದೆಯೋ ಇಲ್ಲವೋ ನೋಡು ಎಂದು ಹೇಳಿ. ಅದಕ್ಕೆ ಐದು ನಿಮಿಷ ಸಾಕು. ಮೇಷ್ಟ್ರಂಥವರು ತುಂಬಿದ ಸಭೆಯಲ್ಲಿ ತಲೆ ತಗ್ಗಿಸುವುದು ಅಷ್ಟರಿಂದ ತಪ್ಪೀತು.