ಮೊದಲು ಮನೆಗೆ ಮರಳುವ ದಾರಿ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 1996ರಲ್ಲಿ ಹತ್ತನೆಯ ತರಗತಿ ಮುಗಿಸಿದ ತಂಡದವನು. ಕಾಫಿ ಕುಡಿದಾದ ಮೇಲೆ ಸ್ವಲ್ಪ ಅಳುಕುತ್ತಲೇ ಒಂದು ಕಾಗದ ತೆಗೆದ. “ಸಾರ್, ನೀವು ಬೈಯಬಾರದು. ನಮ್ಮ ಬ್ಯಾಚಿನವರೆಲ್ಲ ಚರ್ಚ್ ಸ್ಟ್ರೀಟಿನಲ್ಲಿ ಸೇರುತ್ತಿದ್ದೇವೆ. ಟೈಮ್ ಟೇಬಲ್ ಹಾಕುವುದನ್ನು ಕಲಿಸಿದವರು ನೀವೇ ಅಲ್ಲವೇ, ಒಮ್ಮೆ ನೋಡಿ” ಎಂದ.

ನೋಡಿದೆ. ಸಂಜೆ 7ಕ್ಕೆ ಮೊದಲ ಬಾರು, 8.30ಕ್ಕೆ ಎರಡನೆಯದು, 10ಕ್ಕೆ ಮೂರನೆಯದು. 11.30ಕ್ಕೆ ಕಾಫಿ. ಆಮೇಲೆ ಮೂರು ಕಾರು, ಐದು ಬೈಕುಗಳಲ್ಲಿ ಅವರವರ ಮನೆಗೆ. ಕೆಳಗೆ ಹದಿನಾಲ್ಕು ಹೆಸರುಗಳು.

ಆ ರಸ್ತೆಯ ಪರಿಚಯ ನನಗೂ ಇದೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಒಂದು ಕಿಲೋಮೀಟರಿಗೂ ಕಡಿಮೆ. ನಾನು ಅಲ್ಲಿಗೆ ಹೋಗುತ್ತಿದ್ದುದು ಪುಸ್ತಕಗಳಿಗಾಗಿ, ಟಿ. ಎಸ್. ಶಾನುಭಾಗರ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚುವವರೆಗೂ ಆ ಕಡೆಗೆ ಕಾಲು ತಾನಾಗಿ ಎಳೆಯುತ್ತಿತ್ತು. ಒಂದು ಬಾರಿನಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದ ರಸ್ತೆಯನ್ನು ಇವರು ಆರಿಸಿಕೊಂಡದ್ದು ಬುದ್ಧಿವಂತಿಕೆಯೇ. ತಪ್ಪಿರುವುದು ಕೊನೆಯ ಸಾಲಿನಲ್ಲಿ.

ಹಳೆಯ ಚಾಳಿ, ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 650 ಮಿಲಿಲೀಟರಿನ ಒಂದು ಬಾಟಲಿ ಬಿಯರಿನಲ್ಲಿ ನೂರಕ್ಕೆ 5 ಭಾಗ ಆಲ್ಕೋಹಾಲ್ ಎಂದರೆ 32.5 ಮಿಲಿಲೀಟರ್, ತೂಕದಲ್ಲಿ ಸುಮಾರು 26 ಗ್ರಾಂ. ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿರುವುದು ಸುಮಾರು 10 ಗ್ರಾಂ. “ಬರೀ ಬಿಯರ್ ಸಾರ್” ಎನ್ನುವವರು ಎರಡೂವರೆ ಪೆಗ್ ಕುಡಿದಿರುತ್ತಾರೆ. ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಹೆಚ್ಚು. ನಮ್ಮ ಯಕೃತ್ತು ಗಂಟೆಗೆ ಕರಗಿಸುವುದು ಸರಾಸರಿ 8 ಗ್ರಾಂನಷ್ಟು. ಮೂರು ಬಾರುಗಳಲ್ಲಿ ಮೂರು ಬಾಟಲಿ ಎಂದರೆ 78 ಗ್ರಾಂ. ಕರಗಲು ಹತ್ತು ಗಂಟೆಯ ಹತ್ತಿರ ಬೇಕು. ಸಂಜೆ 7ಕ್ಕೆ ಆರಂಭಿಸಿದವನು ಸ್ವಚ್ಛನಾಗುವುದು ಮರುದಿನ ಬೆಳಗಿನ ಜಾವಕ್ಕೆ. ಕಾಫಿ ನಿದ್ರೆಯನ್ನು ಓಡಿಸಬಹುದು, ರಕ್ತದಲ್ಲಿರುವ ಆಲ್ಕೋಹಾಲನ್ನು ಓಡಿಸಲಾರದು. ಊಟ ಮಾಡಿ ಕುಡಿದರೆ ಏರುವುದು ನಿಧಾನವಾಗುತ್ತದೆ, ಅಷ್ಟೇ.

ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಚಲಾಯಿಸುವುದು ಅಪರಾಧ. 2019ರ ತಿದ್ದುಪಡಿಯ ಅನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಆದರೆ ನಾನು ಹೆದರುವುದು ದಂಡಕ್ಕಲ್ಲ.

ಆ ಕಾಗದದಲ್ಲಿ ಹದಿನೈದನೆಯ ಹೆಸರೊಂದು ಇರಬೇಕಿತ್ತು. ಅದೇ ತಂಡದ ಹುಡುಗ, ಗಣಿತದಲ್ಲಿ ನೂರಕ್ಕೆ ನೂರು ತೆಗೆದವನು. 2004ರಲ್ಲಿ ಸ್ನೇಹಿತರ ಕೂಟ ಮುಗಿಸಿ ನಡುರಾತ್ರಿ ಬೈಕಿನಲ್ಲಿ ಹೊರಟವನು ದಾರಿಯಲ್ಲಿ ನಿಂತಿದ್ದ ಲಾರಿಗೆ ಗುದ್ದಿದ. ಇಪ್ಪತ್ತನಾಲ್ಕು ವಯಸ್ಸು. ಅವನ ತಂದೆ ಅಂದು ನನ್ನನ್ನು ಕೇಳಿದರು: “ಅಷ್ಟು ಲೆಕ್ಕ ಬರುತ್ತಿತ್ತಲ್ಲ ಮೇಷ್ಟ್ರೇ, ಇದೊಂದು ಯಾಕೆ ಬರಲಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಈಥೈಲ್ ಆಲ್ಕೋಹಾಲಿನ ಸೂತ್ರವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. “ಕುಡಿಯಬೇಡಿ” ಎಂದು ಉಪದೇಶವನ್ನೂ ಮಾಡಿದ್ದೆ. ಮೇಲೆ ಹೇಳಿದ ಸರಳ ಲೆಕ್ಕವನ್ನು ಮಾತ್ರ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಹೇಳಿದರೆ ಕುಡಿಯಲು ಅಪ್ಪಣೆ ಕೊಟ್ಟಂತಾದೀತು ಎಂಬ ಅಂಜಿಕೆ.

ಇದನ್ನು ಓದುವ ಬಂಧುಗಳಲ್ಲಿ ಕೆಲವರು, “ಮೇಷ್ಟ್ರಾದವರು ಹೋಗಲೇಬೇಡಿ ಎನ್ನಬೇಕಲ್ಲವೇ?” ಎಂದು ಕೇಳಬಹುದು. ಕುಡಿಯದಿರುವುದೇ ಲೇಸು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ನಲವತ್ತೈದರ ಗೃಹಸ್ಥನು ನನ್ನ ಮಾತಿಗೆ ಹೂಂ ಎಂದು ತಲೆಯಾಡಿಸಿ, ಕಾಗದವನ್ನು ತೋರಿಸದೆಯೇ ಹೋದರೆ ಯಾರಿಗೆ ಲಾಭ? ತೋರಿಸುವಷ್ಟು ವಿಶ್ವಾಸ ಉಳಿದಿರುವುದೇ ದೊಡ್ಡದು.

ಆದ್ದರಿಂದ ಕಾಗದವನ್ನು ತಿದ್ದಿದೆ. ಕೊನೆಯ ಸಾಲನ್ನು ಮೊದಲಿಗೆ ತಂದೆ: ವಾಹನಗಳೆಲ್ಲ ಮನೆಯಲ್ಲೇ ಇರಲಿ, ಬರುವುದು ಮೆಟ್ರೋದಲ್ಲಿ, ಎಂ. ಜಿ. ರಸ್ತೆಯ ನಿಲ್ದಾಣ ನಡೆಯುವ ದೂರದಲ್ಲಿದೆ. ಮೂರು ಬಾರುಗಳ ಬದಲು ಎರಡು. ಮೊದಲು ಊಟ. ಕುಡಿಯದವನಿಗೆ ಯಾರೂ ಒತ್ತಾಯಿಸಕೂಡದು, ಅವನನ್ನು ಪುಕ್ಕಟೆ ಚಾಲಕನೆಂದೂ ಬಗೆಯಕೂಡದು. ಕೊನೆಯ ರೈಲಿಗೆ ಮುಂಚೆಯೇ ಏಳಬೇಕು. ತಪ್ಪಿದರೆ ಬಾಡಿಗೆ ಕಾರು. ಮನೆ ಸೇರಿದವರು ಸೇರಿದೆವೆಂದು ಸಂದೇಶ ಕಳಿಸಬೇಕು. ಹದಿನಾಲ್ಕೂ ಬರುವವರೆಗೆ ಒಬ್ಬ ಎಚ್ಚರವಾಗಿರಬೇಕು.

ನಗರವನ್ನು ಆಳುವವರಿಗೂ ಒಂದು ಮಾತು. ಬಾರುಗಳಿಗೆ ರಾತ್ರಿ 1 ಗಂಟೆಯವರೆಗೆ ಅನುಮತಿ ಕೊಟ್ಟು, ರೈಲನ್ನು ಅದಕ್ಕೆ ಮೊದಲೇ ನಿಲ್ಲಿಸುವುದು ಯಾವ ನ್ಯಾಯ? ಹೊಸ ವರ್ಷದ ಮುನ್ನಾರಾತ್ರಿ ಸಂಚಾರವನ್ನು ವಿಸ್ತರಿಸುವ ರೂಢಿ ಇದೆ. ಅದು ಪ್ರತಿ ಶನಿವಾರವೂ ಆಗಲಿ.

ಹೊರಡುವಾಗ ಅವನು ಕಾಗದದ ಮೇಲೆ ಒಂದು ಕ್ಷಣ ಕಣ್ಣಾಡಿಸಿ, “ಅವನಿದ್ದಿದ್ದರೆ ಹದಿನೈದು ಸಾರ್” ಎಂದ. ಅವನೂ ಮರೆತಿರಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಆ ರಾತ್ರಿ ಎಚ್ಚರವಾಗಿರುವ ಕೆಲಸ ನನ್ನದೇ ಎಂದು ಹೇಳಿ ಕಳಿಸಿದ್ದೇನೆ. ಹೇಗೂ ಈ ವಯಸ್ಸಿನಲ್ಲಿ ನಿದ್ರೆ ಕಡಿಮೆ.